‘ಆಯಾಸವೆಲ್ಲ ಮಾಯವಾಯಿತು’

ಕಳೆದ ವರ್ಷ ನಮ್ಮ ಬಡಾವಣೆಯ ಸಂಘವೊಂದು ಕಾಲೇಜು ವಿದ್ಯಾರ್ಥಿಗಳಿಗಾಗಿ ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿತು. ವಿಷಯ: ‘ನಾನು ಕಂಡ ಜೋಗ’. ತೀರ್ಪುಗಾರರು ಮೂವರು. ಒಬ್ಬರು ನಿವೃತ್ತ ಇಂಜಿನಿಯರು, ಇನ್ನೊಬ್ಬರು ವಕೀಲರು. ಮೂರನೆಯವನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ಈಗ ಮನೆಯಲ್ಲಿ ಕುಳಿತಿರುವ ನಾನು. ಅರುವತ್ತಕ್ಕೆ ಮೇಲ್ಪಟ್ಟು ಪ್ರಬಂಧಗಳು ಒಂದು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದವು. ನಮ್ಮ ಹುಡುಗರು ಕನ್ನಡದಲ್ಲಿ ಬರೆಯುವುದೇ ಇಲ್ಲವೆಂದು ದೂರುವವರು ಆ ಚೀಲವನ್ನು ಒಮ್ಮೆ ಎತ್ತಿ ನೋಡಬೇಕಾಗಿತ್ತು.

ಓದತೊಡಗಿದೆ. ಹತ್ತು ಪ್ರಬಂಧಗಳಾಗುವ ಹೊತ್ತಿಗೆ ಒಂದು ವಾಕ್ಯ ನನ್ನನ್ನು ಕಾಡತೊಡಗಿತು. ‘ಜಲಪಾತವನ್ನು ಕಂಡೊಡನೆ ಪ್ರಯಾಣದ ಆಯಾಸವೆಲ್ಲ ಮಾಯವಾಯಿತು.’ ಒಬ್ಬನು ‘ದಣಿವು’ ಎಂದಿದ್ದ, ಒಬ್ಬಳು ‘ಮಂಜಿನಂತೆ ಕರಗಿತು’ ಎಂದಿದ್ದಳು, ಮಾತು ಒಂದೇ. ನಕಲು ಮಾಡಿದ್ದಾರೆಂದು ಮೊದಲು ಸಂಶಯ ಬಂತು. ಆದರೆ ನಕಲು ಮಾಡುವವರು ಇಡೀ ಪುಟ ಮಾಡುತ್ತಾರೆ, ಒಂದು ವಾಕ್ಯವನ್ನಲ್ಲ. ಇದು ಗಾಳಿಯಲ್ಲಿರುವ ವಾಕ್ಯ. ಯಾರಿಗೂ ಸೇರಿದ್ದಲ್ಲ, ಆದ್ದರಿಂದ ಎಲ್ಲರಿಗೂ ಸೇರಿದ್ದು. ಮದುವೆಯ ಲಗ್ನಪತ್ರಿಕೆಯಲ್ಲಿ ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಬರುವುದಿಲ್ಲವೆ, ಅಂಥದು.

ಪ್ರತಿಯೊಂದು ಪ್ರಬಂಧದ ಅಂಚಿನಲ್ಲಿಯೂ ಕೆಂಪು ಶಾಯಿಯಲ್ಲಿ ‘ಸವಕಲು’ ಎಂದು ಬರೆಯುತ್ತ ಹೋದೆ. ಬರೆಯುವುದಕ್ಕೆ ಹಿತವಾಗಿಯೂ ಇತ್ತು. ಆಮೇಲೆ, ಎಂಥ ಗಳಿಗೆಯೋ, ಅಟ್ಟದ ಮೇಲಿದ್ದ ಹಳೆಯ ಕತ್ತರಿಕೆಗಳ ಕಟ್ಟನ್ನು ಇಳಿಸಿದೆ. 1978ರಲ್ಲಿ, ಇಪ್ಪತ್ತೆರಡು ವರ್ಷದವನಾಗಿದ್ದಾಗ, ನಾನೂ ಜೋಗಕ್ಕೆ ಹೋಗಿ ಬಂದು ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ ಲೇಖನ ಬರೆದಿದ್ದೆ. ಅದು ನನ್ನ ಅಚ್ಚಾದ ಮೊದಲ ಬರೆಹ. ನಮ್ಮ ತಂದೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಿದ್ದರು. ಎರಡನೆಯ ಅಂಕಣದ ಮೂರನೆಯ ಪ್ಯಾರಾ ಹೀಗೆ ಆರಂಭವಾಗುತ್ತದೆ: ‘ಜೋಗವನ್ನು ಕಂಡೊಡನೆ ಪ್ರಯಾಣದ ಆಯಾಸವೆಲ್ಲ ಮಾಯವಾಯಿತು.’

ಹುಡುಗರ ಲೇಖನಗಳ ವಿಮರ್ಶೆಯನ್ನು ಅಲ್ಲಿಗೆ ಬಿಟ್ಟು, ನನ್ನದರಿಂದಲೇ ಆರಂಭಿಸುವುದು ನ್ಯಾಯವೆಂದು ತೋರಿತು.

ಆ ವಾಕ್ಯದಲ್ಲಿರುವ ತಪ್ಪೇನು? ವ್ಯಾಕರಣ ಶುದ್ಧವಾಗಿದೆ. ಅನುಭವವೂ ಸುಳ್ಳಲ್ಲದೆ ಇರಬಹುದು. ಆದರೆ ಅದು ಮಾಡುವ ಕೆಲಸವನ್ನು ನೋಡಿ. ಬೆಂಗಳೂರಿನಿಂದ ಜೋಗಕ್ಕೆ ಹೆಚ್ಚುಕಡಮೆ 400 ಕಿಲೋಮೀಟರು. ಅಷ್ಟು ದಾರಿಯನ್ನೂ, ಆ ದಾರಿಯ ಮೇಲಿನ ಊರು, ಮರ, ಮನುಷ್ಯರನ್ನೂ ಒಟ್ಟುಗೂಡಿಸಿ ‘ಆಯಾಸ’ ಎಂದು ಹೆಸರಿಡುತ್ತದೆ. ಮುಂದಿನ ಪದದಲ್ಲಿ ಅದನ್ನು ಮಾಯಮಾಡುತ್ತದೆ. ಜಾದೂಗಾರನು ಕರವಸ್ತ್ರ ಮುಚ್ಚಿ ಪಾರಿವಾಳವನ್ನು ಮಾಯಮಾಡಿದ ಹಾಗೆ. ಅಷ್ಟಾದ ಮೇಲೆ ಲೇಖಕನಿಗೆ ಉಳಿಯುವುದು ಜಲಪಾತವೊಂದೇ. ಅದನ್ನು ಕುರಿತು ಬರೆಯಹೊರಟಾಗ ಅವನು ‘ವರ್ಣನಾತೀತ’ ಎಂದುಬಿಡುತ್ತಾನೆ! ನನ್ನ ಲೇಖನದಲ್ಲಿ ಆ ಪದ ಎರಡು ಸಲ ಬಂದಿದೆ. ದಾರಿಯನ್ನು ಬರೆಯಲಿಲ್ಲ, ಏಕೆಂದರೆ ಅದು ಆಯಾಸ. ಜೋಗವನ್ನು ಬರೆಯಲಿಲ್ಲ, ಏಕೆಂದರೆ ಅದು ವರ್ಣನಾತೀತ. ಹಾಗಾದರೆ ನಾಲ್ಕು ಅಂಕಣ ತುಂಬಿದ್ದಾದರೂ ಏನು? ‘ಅಹಾ’ಕಾರಗಳು, ಸೃಷ್ಟಿಕರ್ತನಿಗೆ ಸಲ್ಲಿಸಿದ ಒಂದು ನಮಸ್ಕಾರ, ಮತ್ತು 830 ಅಡಿ ಎಂಬ ಒಂದು ಅಂಕಿ.

ನಮ್ಮ ಪ್ರವಾಸ ಸಾಹಿತ್ಯದ ಹಿರಿಯರು ಹೀಗೆ ಬರೆಯಲಿಲ್ಲ. ಅವರ ಪುಸ್ತಕಗಳ ಹೆಸರುಗಳನ್ನೇ ನೋಡಬಹುದು. ವಿ. ಸೀತಾರಾಮಯ್ಯನವರು ಹಂಪೆಯನ್ನು ಕುರಿತು ಬರೆದ ಪುಸ್ತಕದ ಹೆಸರು ‘ಪಂಪಾಯಾತ್ರೆ’. ಪಂಪಾದರ್ಶನವಲ್ಲ, ಯಾತ್ರೆ, ಹೋಗುವುದೇ ಹೆಸರಾಗಿದೆ. ಶಿವರಾಮ ಕಾರಂತರ ಪುಸ್ತಕ ‘ಅಬೂವಿನಿಂದ ಬರಾಮಕ್ಕೆ’. ಎರಡು ಊರು, ಎರಡು ವಿಭಕ್ತಿ, ಅಷ್ಟೆ. ತೃತೀಯೆಯೋ ಪಂಚಮಿಯೋ ಎಂದು ಪಂಡಿತರು ಜಗಳವಾಡುವ ‘ಇಂದ’ ಒಂದು ಕಡೆ, ಚತುರ್ಥಿಯ ‘ಕ್ಕೆ’ ಇನ್ನೊಂದು ಕಡೆ. ನಡುವೆ ಇರುವುದೆಲ್ಲ ದಾರಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದ ಪುಸ್ತಕ ‘ಅಮೆರಿಕಾದಲ್ಲಿ ಗೊರೂರು’. ಇಲ್ಲಿ ಸಪ್ತಮಿ. ಆ ದೇಶದ ‘ಒಳಗೆ’ ತಾನು ಹೇಗೆ ಕುಳಿತೆ, ಹೇಗೆ ಎಡವಿದೆ ಎಂಬುದೇ ಅಲ್ಲಿಯ ರಸ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಷಷ್ಠಿಯ ಪುಸ್ತಕ. ಅದು ಪ್ರವಾಸವಲ್ಲ, ವಾಸ. ನಮ್ಮ ಭಾನುವಾರದ ಲೇಖನಗಳಾದರೋ ಒಂದೇ ವಿಭಕ್ತಿಯನ್ನು ಬಲ್ಲವು: ದ್ವಿತೀಯೆ. ಜೋಗ‘ವನ್ನು’ ನೋಡಿದೆವು. ತಾಜಮಹಲ‘ನ್ನು’ ನೋಡಿದೆವು. ಗೋಲಗುಮ್ಮಟ‘ವನ್ನು’ ನೋಡಿದೆವು. ನೋಡುವವನು ಕರ್ತೃ, ನೋಡಿಸಿಕೊಂಡದ್ದು ಕರ್ಮ. ಕರ್ಮ!

ಹೀಗೆ ಯೋಚಿಸುತ್ತ ಕುಳಿತಿದ್ದಾಗ ನನ್ನ ತಂಗಿಯ ಮಗ ಬಂದ. ಅವನಿಗೆ ಹೊಸ ಕಾರು ಕೊಂಡ ಹುಮ್ಮಸ್ಸು, ಎರಡು ದಿನ ರಜೆ. ‘ಮಾವ, ಚೀಲ ಎದುರಿಗಿಟ್ಟುಕೊಂಡು ಏನು ತಪಸ್ಸು? ಏಳಿ, ಜೋಗಕ್ಕೇ ಹೋಗಿ ಬಂದುಬಿಡೋಣ’ ಎಂದ. ನಾನು ಒಂದು ಷರತ್ತು ಹಾಕಿದೆ: ನಾನು ಕೇಳಿದಲ್ಲಿ ನಿಲ್ಲಿಸಬೇಕು. ‘ನಿಲ್ಲಿಸೋಣ. ಆದರೆ ಕತ್ತಲಾಗುವುದರೊಳಗೆ ಜೋಗ ತೋರಿಸುವುದು ನನ್ನ ಜವಾಬ್ದಾರಿ’ ಎಂದು ಅವನೂ ಒಂದು ಷರತ್ತು ಹಾಕಿದ. ಶ್ರಾವಣದ ಒಂದು ಬೆಳಗಿನ ಐದು ಗಂಟೆಗೆ ಹೊರಟೆವು. ನನ್ನ 1978ರ ಕತ್ತರಿಕೆಯನ್ನು ಕನ್ನಡಕದ ಡಬ್ಬಿಯೊಳಗೆ ಮಡಿಸಿ ಇಟ್ಟುಕೊಂಡಿದ್ದೆ.

ತಿಪಟೂರಿನವರೆಗೆ ವಿಶೇಷವೇನೂ ಇಲ್ಲ. ಅಂದರೆ ಇದ್ದಿರಬಹುದು, ನಾನು ನಿದ್ದೆ ಮಾಡಿದೆ. ವಿಮರ್ಶಕನೂ ಮನುಷ್ಯನೇ. ತಿಪಟೂರಿನಲ್ಲಿ ತೆಂಗಿನ ತೋಟಗಳ ನಡುವೆ ಇಡ್ಲಿ ತಿಂದೆವು. ಅರಸೀಕೆರೆ, ಬಾಣಾವರ, ಕಡೂರುಗಳ ಬಯಲಿನಲ್ಲಿ ಮೋಡವಿತ್ತು, ಮಳೆಯಿರಲಿಲ್ಲ. ಬೀರೂರು ದಾಟಿ ತರೀಕೆರೆಯ ಕಡೆಗೆ ಹೋಗುವಾಗ ಈ ದಾರಿಯಲ್ಲಿ ಒಂದು ಬದಲಾವಣೆ ನಡೆಯುತ್ತದೆ. ಮಣ್ಣಿನ ಬಣ್ಣ ಕೆಂಪಾಗುತ್ತದೆ, ಮನೆಗಳ ಮಾಡು ಇಳಿಜಾರಾಗುತ್ತದೆ, ತೆಂಗಿನ ನಡುವೆ ಅಡಿಕೆ ತಲೆಯೆತ್ತುತ್ತದೆ. ಯಾವ ಮೈಲಿಗಲ್ಲಿನ ಬಳಿ ಎಂದು ಬೊಟ್ಟು ಮಾಡಿ ತೋರಿಸಲಾಗದು. ಬಯಲುಸೀಮೆ ಮಲೆನಾಡಾಗುವುದು ಹೀಗೆ, ಮಾತಾಡುತ್ತ ಆಡುತ್ತ ಒಬ್ಬರ ದನಿ ಬದಲಾದ ಹಾಗೆ. ಇದನ್ನು ಹಿಡಿದು ಬರೆಯುವುದು ಸುಲಭವಲ್ಲ. ಆದರೆ ‘ವರ್ಣನಾತೀತ’ವೂ ಅಲ್ಲ. ನನ್ನ ಕತ್ತರಿಕೆಯಲ್ಲಿ ಇದಕ್ಕೆ ಇರುವ ಜಾಗ: ‘ಬೆಳಿಗ್ಗೆ ಬೆಂಗಳೂರನ್ನು ಬಿಟ್ಟು ಸಂಜೆ ಜೋಗವನ್ನು ಸೇರಿದೆವು.’

ಭದ್ರಾವತಿಯಲ್ಲಿ ಭದ್ರೆ, ಶಿವಮೊಗ್ಗದಲ್ಲಿ ತುಂಗೆ. ಎರಡೂ ಕೆಂಪಗೆ ತುಂಬಿ ಹರಿಯುತ್ತಿದ್ದುವು. ತುಂಗೆಯ ಸೇತುವೆಯ ಮೇಲೆ ನನಗೆ ನಿಸಾರ್ ಅಹಮದರ ‘ನಿತ್ಯೋತ್ಸವ’ ನೆನಪಾದುದು ಆಶ್ಚರ್ಯವಲ್ಲ. ಅವರು ಇದೇ ಶಿವಮೊಗ್ಗದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ಜೋಗದಿಂದಲೇ ತೊಡಗುವ ಆ ಗೀತೆ 1978ರಲ್ಲಿ, ನಾನು ಲೇಖನ ಬರೆದ ವರ್ಷದಲ್ಲೇ, ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೂ ಬಂತು. ಗಮನಿಸಬೇಕಾದುದೆಂದರೆ, ಆ ಕವಿ ಜೋಗವನ್ನು ವರ್ಣಿಸುವುದಿಲ್ಲ. ಹೆಸರೆತ್ತಿ, ಅದರ ಬೆಳಕನ್ನಷ್ಟೇ ತೆಗೆದುಕೊಂಡು, ಮುಂದಿನ ನದಿಗೆ, ಮುಂದಿನ ಕಾಡಿಗೆ ಹೋಗಿಬಿಡುತ್ತಾರೆ. ಅವರ ಅರ್ಧ ಸಾಲಿನಲ್ಲಿ ಆದುದು ನನ್ನ ನಾಲ್ಕು ಅಂಕಣಗಳಲ್ಲಿ ಆಗಲಿಲ್ಲ. ಕಲ್ಲಿನ ಶಾಸ್ತ್ರ ಓದಿದ್ದರಿಂದ ಅವರು ಆ ಬಂಡೆಗಳನ್ನು ಕಂಡು ಬೆರಗಾಗಿ ಮೂಕರಾಗಬೇಕಾದ ಅಗತ್ಯ ಬೀಳಲಿಲ್ಲವೋ ಏನೋ.

ಶಿವಮೊಗ್ಗದಿಂದ ಜೋಗಕ್ಕೆ ಹೋಗುವ ದಾರಿ ಆಯನೂರು, ಕುಂಸಿ, ಚೋರಡಿ, ಆನಂದಪುರಗಳ ಮೇಲೆ ಸಾಗರಕ್ಕೆ ಬರುತ್ತದೆ. ಒಳ್ಳೆಯ ದಾರಿ. ಎರಡು ಕಡೆಗೂ ತೇಗ, ಕಾಡು, ಆಗಾಗ ತೋಟ, ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಾಟಿ ಮಾಡುವ ಹೆಂಗಸರು. ಸಾಗರದಲ್ಲಿ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತನೆ ಮಾಡುತ್ತಾರೆ. ಅಲ್ಲಿಂದ ಆರೇಳು ಕಿಲೋಮೀಟರು ದೂರದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯವಿದೆ. ಸಾಗರದಿಂದ ತಾಳಗುಪ್ಪದ ಮೇಲೆ ಜೋಗಕ್ಕೆ ಸುಮಾರು 30 ಕಿಲೋಮೀಟರು. ಇಷ್ಟು ದಾರಿಯಲ್ಲಿ ನೀವು ನೋಡದೆ ಇರುವುದು ಒಂದೇ: ಶರಾವತಿ.

ಇದು ನನಗೆ ಹೊಳೆದುದು ಈ ಸಲ. ಜೋಗವೆಂದರೆ ಶರಾವತಿ, ಆದರೆ ಜೋಗಕ್ಕೆ ಹೋಗುವ ಹೆದ್ದಾರಿ ಶರಾವತಿಯನ್ನು ತೋರಿಸುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಸುಮಾರು 300 ಚದರ ಕಿಲೋಮೀಟರು ನೀರು ಹರಡಿಕೊಂಡಿದೆ. ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ಅದರ ಅಡಿಯಲ್ಲಿವೆ. ದಾರಿ ಅದಕ್ಕೆ ಬೆನ್ನು ಮಾಡಿಕೊಂಡು, ಬಳಸಿ, ನೇರವಾಗಿ ನೋಟದ ಕಟ್ಟೆಗೆ ತಂದು ನಿಲ್ಲಿಸುತ್ತದೆ. ನನ್ನ ಲೇಖನಕ್ಕೂ ಆ ರಸ್ತೆಗೂ ಎಂಥ ಹೋಲಿಕೆ!

ಕನ್ನಡಕದ ಡಬ್ಬಿಯಿಂದ ಕತ್ತರಿಕೆ ತೆಗೆದು ನೋಡಿದೆ. ‘ಅನಾದಿಕಾಲದಿಂದ ಒಂದೇ ಸಮನೆ ಧುಮುಕುತ್ತಿರುವ ಈ ಜಲಧಾರೆ’ ಎಂದು ಬರೆದಿದ್ದೇನೆ. ಇದು ಬರಿಯ ಸವಕಲು ಮಾತಲ್ಲ, ಸುಳ್ಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದುದು 1964ರಲ್ಲಿ. 1978ರ ಹೊತ್ತಿಗೆ ಜೋಗ ಒಂದೇ ಸಮನೆ ಧುಮುಕುವುದನ್ನು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬಂಡೆಯ ಮೇಲಿನ ನಾಲ್ಕು ಎಳೆಗಳು. ನಾನು ಹೋದ ದಿನ ಮೇಲಿನಿಂದ ನೀರು ಬಿಟ್ಟಿದ್ದರು. ಆದ್ದರಿಂದ ಜೋಗ ಮೈದುಂಬಿತ್ತು. ಅದನ್ನು ನಮ್ಮ ಬಸ್ಸಿನ ಚಾಲಕ ಹೇಳಿಯೂ ಇದ್ದ. ಚಾಲಕ ಹೇಳಿದುದನ್ನು ನಾನು ಬರೆಯಲಿಲ್ಲ. ಪುಸ್ತಕಗಳು ಹೇಳಿದುದನ್ನು ಬರೆದೆ. ಮತ್ತೂ ಒಂದು ಮಾತು. ಆ ಲೇಖನವನ್ನು ನಾನು ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ರಾತ್ರಿ ಹೊತ್ತು ಬರೆದೆ. ನಾಡಿನ ವಿದ್ಯುತ್ತಿಗೆ ಆಗ ಶರಾವತಿಯೇ ಮುಖ್ಯ ಆಸರೆ. ಆ ವಿದ್ಯುದಾಗಾರದ ಬೆಳಕಿನಲ್ಲಿ ಕುಳಿತು, ಆ ನದಿ ಅನಾದಿಕಾಲದಿಂದ ಒಂದೇ ಸಮನೆ ಧುಮುಕುತ್ತಿದೆ ಎಂದು ಬರೆದಿದ್ದೇನೆ.

ಸಾಗರದಲ್ಲಿ ನಾನು, ‘ಎಡಕ್ಕೆ ತಿರುಗಿಸು, ಹೊಳೆಬಾಗಿಲಿಗೆ ಹೋಗೋಣ’ ಎಂದೆ. ‘ಮಾವ, ಕತ್ತಲಾಗುತ್ತದೆ, ಜೋಗ ತಪ್ಪುತ್ತದೆ’ ಎಂದು ಹುಡುಗ ಗೊಣಗಿದ, ಆದರೂ ತಿರುಗಿಸಿದ.

ಹೊಳೆಬಾಗಿಲೆಂದರೆ ಹಿನ್ನೀರಿನ ದಡ. ಆಚೆ ದಡದ ತುಮರಿ, ಸಿಗಂದೂರಿನ ಕಡೆಯ ಜನ ಅಣೆಕಟ್ಟಾದ ಮೇಲೆ ದ್ವೀಪವಾಸಿಗಳಂತಾದರು. ಆಸ್ಪತ್ರೆಗೆ, ಕಚೇರಿಗೆ, ಕಾಲೇಜಿಗೆ ಎಲ್ಲಕ್ಕೂ ಲಾಂಚ್ ಹತ್ತಬೇಕು; ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ದೇವರೇ ಗತಿ. 2025ರ ಜುಲೈನಲ್ಲಿ ಉಕ್ಕಿನ ಹಗ್ಗಗಳು ಹಿಡಿದು ನಿಲ್ಲಿಸಿರುವ ಉದ್ದನೆಯ ಸೇತುವೆ ಅಲ್ಲಿ ತೆರೆಯಿತು. ಆರು ದಶಕ ಕಾದ ಮೇಲೆ. ಕಾರುಗಳು ಸಾಲಾಗಿ ಸೇತುವೆ ಏರುತ್ತಿದ್ದುವು, ನಡುವೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದುವು. ದಡದಲ್ಲಿ ಒಂದು ಚಹದ ಅಂಗಡಿ. ಬೆಂಚಿನ ಮೇಲೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪತ್ರಿಕೆ ಮಡಿಸಿ ಹಿಡಿದುಕೊಂಡು ಓದುತ್ತಿದ್ದರು. ಅಂಗಡಿ ಅವರ ಮಗನದಂತೆ.

‘ಗುಂಡಿ ನೋಡ್ಲಿಕ್ಕೆ ಬಂದವರಾ?’ ಎಂದರು. ಆ ಕಡೆ ಜೋಗವನ್ನು ಜೋಗದ ಗುಂಡಿ ಎಂದೇ ಕರೆಯುವುದು. ನಾವು ಎತ್ತರ ನೋಡಲು ಹೋಗುತ್ತೇವೆ. ಅಲ್ಲಿಯವರಿಗೆ ಅದು ಗುಂಡಿ.

ಹೌದೆಂದೆ. ವ್ಯಾಪಾರ ಹೇಗೆಂದು ಕೇಳಿದೆ.

‘ಲಾಂಚಿಗೆ ಕಾಯೋವಾಗ ಜನ ಚಾ ಕುಡೀತಿದ್ರು. ಈಗ ಯಾರು ನಿಲ್ತಾರೆ? ಸೇತುವೆ ಬೇಕಿತ್ತು ಬಿಡಿ. ನಮ್ಮ ತಂಗಿ ಈ ದಡದಾಗೇ ಹೋದ್ಳು, ಲಾಂಚ್ ಬರೋದರೊಳಗೆ. ಚಾ ಹೋದ್ರೆ ಹೋಗ್ಲಿ.’

ಅವರು ಓದುತ್ತಿದ್ದುದು ಪತ್ರಿಕೆಯ ಒಳಪುಟದ ಒಂದು ಮೂಲೆಯನ್ನು. ನಿಮಗೂ ಆ ಮೂಲೆ ಗೊತ್ತು. ಮಳೆಗಾಲದಲ್ಲಿ ದಿನವೂ ಬರುವ ಜಲಾಶಯಗಳ ನೀರಿನ ಮಟ್ಟ. ‘ಲಿಂಗನಮಕ್ಕಿ: ಗರಿಷ್ಠ 1819 ಅಡಿ’ ಎಂದಿದ್ದು, ಎದುರಿಗೆ ಆ ದಿನದ ಮಟ್ಟವಿರುತ್ತದೆ. ನಾವು ಬೆಂಗಳೂರಿನವರು ಅದನ್ನು ಓದುವುದು ವಿದ್ಯುತ್ ಕಡಿತವಾದೀತೇ ಎಂದು ತಿಳಿಯಲು, ಓದಿದರೆ. ಅವರು ಓದುವುದು ಬೇರೆ ಕಾರಣಕ್ಕೆ. ‘ಹದಿನೇಳುನೂರ ಎಂಬತ್ತಕ್ಕೆ ನಮ್ಮ ಗದ್ದೆ. ತೊಂಬತ್ತಕ್ಕೆ ಹಿತ್ತಲು. ಮನೆ ಸ್ವಲ್ಪ ಮೇಲೆ ಇತ್ತು’ ಎಂದು ಬೆರಳು ಮಡಿಸುತ್ತ ಹೇಳಿದರು. ಊರು ಬಿಡುವಾಗ ಅವರಿಗೆ ಹತ್ತು ವರ್ಷವಂತೆ. ಹೆಂಚು ಇಳಿಸಿದರು, ಬಾಗಿಲುವಾಡ ಕಿತ್ತು ಗಾಡಿಗೆ ಹಾಕಿದರು. ಅಡಿಕೆ ಮರ ಕೀಳಲಾಗದು. ಸಿಂಗಾರ ಬಿಟ್ಟಿದ್ದ ಹಾಗೆಯೇ ಬಿಟ್ಟು ಬಂದರು. ‘ಈಗಲೂ ಮಟ್ಟ ನೋಡಿದ್ರೆ ಇವತ್ತು ಎಲ್ಲಿವರೆಗೆ ಬಂತು ಅಂತ ಗೊತ್ತಾಗ್ತದೆ.’

ಹುಡುಗ ಚಹದ ಲೋಟ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಕತ್ತಲಾಗುತ್ತದೆ ಎಂದು ಮತ್ತೆ ಹೇಳಲಿಲ್ಲ.

830 ಅಡಿ ಎಂಬುದು ನಮ್ಮ ಲೇಖನಗಳ ಅಂಕಿ. 1819 ಅಡಿ ಎಂಬುದು ಆ ಕಣಿವೆಯವರ ಅಂಕಿ. ಒಂದು, ನೀರು ಎಷ್ಟು ಕೆಳಕ್ಕೆ ಬೀಳುತ್ತದೆ ಎಂದು ಹೇಳುತ್ತದೆ. ಇನ್ನೊಂದು, ಎಷ್ಟು ಮೇಲಕ್ಕೆ ಏರಿತು ಎಂದು. ನಮ್ಮ ಪ್ರವಾಸ ಸಾಹಿತ್ಯ ಬೀಳುವ ನೀರಿನ ಮುಂದೆ ನಿಂತುಕೊಂಡಿತು. ವಿಶ್ವೇಶ್ವರಯ್ಯನವರು ಜೋಗವನ್ನು ಕಂಡು, ಎಷ್ಟು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಮರುಗಿದರೆಂಬ ಕಥೆಯೊಂದು ಪ್ರಚಾರದಲ್ಲಿದೆ. ಆ ಕಥೆಯನ್ನು ಹೇಳಿ ರಸಿಕರು ಇಂಜಿನಿಯರರನ್ನು ಹಾಸ್ಯ ಮಾಡುವುದುಂಟು. ನನಗೆ ಈಗ ತೋರುವುದೇನೆಂದರೆ, ರಸಿಕರಿಗೂ ಇಂಜಿನಿಯರರಿಗೂ ಭೇದ ಅಷ್ಟೇನೂ ಇಲ್ಲ. ಇಬ್ಬರೂ ನಿಂತು ನೋಡಿದುದು ಒಂದೇ ಕಟ್ಟೆಯಿಂದ, ಒಂದೇ ದಿಕ್ಕಿಗೆ.

ಏರುವ ನೀರನ್ನು ನೋಡಿ ಬರೆದವರು ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿ, ಸಾಗರದಲ್ಲಿಯೇ ಬಾಳಿ, 2025ರ ಜನವರಿಯಲ್ಲಿ ತೀರಿಕೊಂಡವರು. ಅವರ ‘ಮುಳುಗಡೆ’, ‘ದ್ವೀಪ’ ಈ ಕಣಿವೆಯಿಂದ ಹುಟ್ಟಿದ ಕೃತಿಗಳು. ‘ದ್ವೀಪ’ ನೀರು ಸುತ್ತಲೂ ಏರುತ್ತಿರುವಾಗ ಗುಡ್ಡದ ಮೇಲೆ ಉಳಿದ ಒಂದು ಸಂಸಾರದ ಕಥೆ. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಅದಕ್ಕೆ ಬಂತು. ನಗರದ ವಿಮರ್ಶಕರಾದ ನಮಗೆ ಪುಸ್ತಕಕ್ಕಿಂತ ಚಿತ್ರವೇ ಹೆಚ್ಚು ಪರಿಚಿತ. ಇದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು.

ಡಿಸೋಜರ ಗದ್ಯ ಸರಳ; ಕೆಲವು ಕಡೆ ಸಪ್ಪೆ ಎಂದರೂ ತಪ್ಪಲ್ಲ. ಉಪಮಾನ ಕಡಮೆ, ಶಬ್ದದ ಸೊಗಸು ಕಡಮೆ. ತರಗತಿಯಲ್ಲಿ ನಾನು ಈ ಮಾತನ್ನು ಸ್ವಲ್ಪ ಕೊಂಕಿನಿಂದಲೇ ಹೇಳಿದ್ದೇನೆ. ಹೊಳೆಬಾಗಿಲಿನ ಬೆಂಚಿನ ಮೇಲೆ ಕುಳಿತಾಗ ಆ ಕೊಂಕು ನನಗೇ ಚುಚ್ಚಿತು. ‘ಹದಿನೇಳುನೂರ ಎಂಬತ್ತಕ್ಕೆ ನಮ್ಮ ಗದ್ದೆ’ ಎಂಬ ಮಾತಿಗೆ ಯಾವ ಉಪಮಾನ ಬೇಕು? ಮುಳುಗಿದವರ ಕಥೆ ಹೇಳಲು ಹೊರಟವನು ಕಚೇರಿಯ ಕಡತದಂತೆ ಒಂದಾದ ಮೇಲೊಂದು ಸಂಗತಿ ಹೇಳುತ್ತ ಹೋದರೆ, ಅದು ಅಸಾಮರ್ಥ್ಯವೇ ಇರಬೇಕೆಂದಿಲ್ಲ. ನೋಟೀಸು, ಅಳತೆ, ಪರಿಹಾರ, ಖಾಲಿ ಮಾಡುವ ದಿನಾಂಕ: ಆ ಜನರ ಬದುಕಿಗೆ ಬಂದ ಭಾಷೆಯೇ ಅದು. ಅಲ್ಲಿಂದ ಎದ್ದವರಲ್ಲಿ ಎಷ್ಟೋ ಮಂದಿಯನ್ನು ಶಿವಮೊಗ್ಗದ ಸುತ್ತಿನ ಕಾಡಂಚಿನಲ್ಲಿ ನೆಲೆಗೊಳಿಸಿದರು. ಅವರ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಬೆಳಿಗ್ಗೆ ನಾವು ‘ಒಳ್ಳೆಯ ದಾರಿ, ತೇಗದ ಕಾಡು’ ಎಂದು ಮೆಚ್ಚಿಕೊಂಡು ಬಂದ ಸೀಮೆಯೇ ಅದು.

ಹಾಗೆಂದು ಪ್ರವಾಸಿಗರೆಲ್ಲ ಕಣ್ಣೀರು ಸುರಿಸುತ್ತ ಜೋಗಕ್ಕೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅದೂ ಒಂದು ಸವಕಲು ಆದೀತು, ಬೇಗನೆ. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಲಿಂಗನಮಕ್ಕಿಗೆ ಮುಂಚಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ಅದನ್ನು ನೋಡಲೂ ಜನ ಹೋಗುತ್ತಾರೆ, ಬುತ್ತಿ ಕಟ್ಟಿಕೊಂಡು. ಅದನ್ನು ಕುರಿತೂ ‘ಮೂಕಸಾಕ್ಷಿ’ ಎಂಬ ಪದವಿಲ್ಲದೆ ಒಂದು ಲೇಖನವನ್ನೂ ನಾನು ಓದಿಲ್ಲ. ನಾನು ಕೇಳುವುದು ಕಣ್ಣೀರನ್ನಲ್ಲ. ದಾರಿಯಲ್ಲಿ ಕಂಡುದನ್ನು, ಚಾಲಕ ಹೇಳಿದುದನ್ನು ಕಂಡ ಹಾಗೆ, ಹೇಳಿದ ಹಾಗೆ ಬರೆದರೆ ಸಾಕು.

ಜೋಗಕ್ಕೆ ಹೋದಾಗ ಸಂಜೆ ಐದೂವರೆ. ಬೆಳಕಿತ್ತು, ಹುಡುಗ ಮಾತು ಉಳಿಸಿಕೊಂಡ. ನೋಡಿದೆವು. ಚೆನ್ನಾಗಿತ್ತು. ಇಷ್ಟು ಬೈದ ಮೇಲೆ ನಾನೂ ನಾಲ್ಕು ಮಾತು ಬರೆಯಬೇಕಾದುದು ಧರ್ಮ. ರಾಜ ಬಂಡೆಯನ್ನು ಮುಟ್ಟದೆ ನೆಟ್ಟಗೆ ಬೀಳುತ್ತಾನೆ. ರೋರರ್ ಒಂದು ಬಟ್ಟಲಿನಂಥ ಕಲ್ಲಿಗೆ ಬಿದ್ದು, ಅಲ್ಲಿಂದ ಓರೆಯಾಗಿ ರಾಜನ ಕಡೆಗೆ ನುಗ್ಗುತ್ತದೆ. ರಾಕೆಟ್ ಚಿಮ್ಮಿಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಗೆ ಒತ್ತಿಕೊಂಡು, ಅವಸರವಿಲ್ಲದೆ, ನೊರೆನೊರೆಯಾಗಿ ಹರಡುತ್ತಾಳೆ. (ಈ ನಡುವಿನ ಎರಡಕ್ಕೆ ಇಂಗ್ಲಿಷರು ಇಟ್ಟ ಹೆಸರನ್ನೇ ಇಂದಿಗೂ ಹೇಳುತ್ತಿದ್ದೇವೆ. ಅಹಾಕಾರಕ್ಕೆ ನಾಲ್ಕು ಅಂಕಣ ಒದಗಿಸಿದ ನಮಗೆ ಎರಡು ಹೆಸರು ಒದಗಲಿಲ್ಲ.) ಕೆಳಗಿನಿಂದ ಗಾಳಿ ಎದ್ದಾಗ ಬಿದ್ದ ನೀರೇ ಹನಿಯಾಗಿ ಮೇಲಕ್ಕೆ ಬಂದು ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲು ಡಬ್ಬಿ ತೆರೆದಾಗ ಕತ್ತರಿಕೆಯೂ ಒದ್ದೆಯಾಯಿತು. ಸೊಂಟ ನೋಯುತ್ತಿತ್ತು. ಆಯಾಸ ಮಾಯವಾಗಲಿಲ್ಲ.

ಊರಿಗೆ ಹಿಂದಿರುಗಿ ಚೀಲವನ್ನು ಮತ್ತೆ ತೆರೆದೆ. ಈ ಸಲ ಕೆಂಪು ಶಾಯಿ ಬಿಟ್ಟು ಪೆನ್ಸಿಲ್ ಹಿಡಿದೆ. ಮೊದಲು ನಾನು ಅರ್ಧಕ್ಕೇ ಬಿಟ್ಟಿದ್ದ ಒಂದು ಪ್ರಬಂಧ ಸಿಕ್ಕಿತು; ಒಬ್ಬ ಹುಡುಗಿಯದು. ಅಕ್ಷರ ಅಂದವಾಗಿಲ್ಲ, ಕಾಗುಣಿತದ ತಪ್ಪುಗಳೂ ಇದ್ದುವು. ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋಗಿದ್ದಾಳೆ. ಕಿಟಕಿ ಮುಚ್ಚಲು ಬಾರದ ಆಸನ, ಪಕ್ಕದಲ್ಲಿ ವಾಂತಿ ಮಾಡಿಕೊಳ್ಳುವ ಮಗು, ಆನಂದಪುರದಲ್ಲಿ ಹತ್ತಿ ಸಾಗರದಲ್ಲಿ ಇಳಿದ, ಬುಟ್ಟಿಯಲ್ಲಿ ಎರಡು ಕೋಳಿಗಳನ್ನಿಟ್ಟುಕೊಂಡಿದ್ದ ಅಜ್ಜಿ. ಆ ಅಜ್ಜಿ ಇಡೀ ದಾರಿ ತನ್ನ ಸೊಸೆಯನ್ನು ಬೈಯದೆ ಹೊಗಳಿದಳಂತೆ, ಅದೇ ಆಶ್ಚರ್ಯ. ಜೋಗದಲ್ಲಿ ಇಳಿದರೆ ಮಂಜು. ಎರಡು ಗಂಟೆ ಕಾದರು. ಬೆಳ್ಳನೆಯ ಗೋಡೆಯಂಥ ಮಂಜಿನ ಹಿಂದೆ ಸದ್ದು ಮಾತ್ರ. ಸುಟ್ಟ ಜೋಳದ ತೆನೆ ತಿಂದರು. ಪಕ್ಕದಲ್ಲಿದ್ದ ಒಬ್ಬ ತನ್ನ ಮಗನಿಗೆ ರಾಜ ಎಲ್ಲಿ, ರಾಣಿ ಎಲ್ಲಿ ಎಂದು ಮಂಜಿನ ಕಡೆ ಬೆರಳು ಮಾಡಿ ತೋರಿಸುತ್ತಲೇ ಇದ್ದನಂತೆ, ಮಗ ಹೂಂಗುಟ್ಟುತ್ತಿದ್ದನಂತೆ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹಿಂದಿರುಗಿದರು. ಅಲ್ಲಿಗೆ ಪ್ರಬಂಧ ಮುಗಿಯುತ್ತದೆ.

ಮೊದಲ ಬಹುಮಾನಕ್ಕೆ ಅದನ್ನು ಸೂಚಿಸಿದೆ. ಸಭೆಯಲ್ಲಿ ಇಂಜಿನಿಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ‘ಸ್ವಾಮಿ, ವಿಷಯ ‘ನಾನು ಕಂಡ ಜೋಗ’. ಈಕೆ ಕಂಡೇ ಇಲ್ಲವಲ್ಲ?’ ಎಂದರು. ವಕೀಲರು ಇಂಜಿನಿಯರನ್ನು ಬೆಂಬಲಿಸಿ, ನಿಯಮಾವಳಿಯ ಎರಡನೆಯ ಕಲಮನ್ನು ಓದಿದರು. ಅರ್ಧ ಗಂಟೆ ವಾದಿಸಿದೆ. ಡಿಸೋಜ, ವಿಭಕ್ತಿ, 1819 ಅಡಿ ಎಲ್ಲವನ್ನೂ ಹೇಳಿದೆ. ಇಂಜಿನಿಯರು 1819ರ ಮಾತು ಬಂದಾಗ ಮಾತ್ರ ಸ್ವಲ್ಪ ಮೆತ್ತಗಾದಂತೆ ಕಂಡರು. ಕೊನೆಗೆ ಮತಕ್ಕೆ ಹಾಕಿದಾಗ ಇಬ್ಬರು ಆ ಕಡೆ, ನಾನೊಬ್ಬ ಈ ಕಡೆ. ಮೊದಲ ಬಹುಮಾನ ಆಯಾಸವೆಲ್ಲ ಮಾಯವಾದ ಒಬ್ಬ ಹುಡುಗನಿಗೆ ಹೋಯಿತು. ಅವನ ಅಕ್ಷರ ಮುತ್ತಿನಂತಿತ್ತು. ಹುಡುಗಿಗೆ ಸಮಾಧಾನಕರ ಬಹುಮಾನವೆಂದು ಒಂದು ಪುಸ್ತಕ ಕೊಡುವುದೆಂದಾಯಿತು. ಪುಸ್ತಕವನ್ನು ಆರಿಸುವ ಕೆಲಸವನ್ನು ನನಗೆ ಬಿಟ್ಟರು. ‘ಮುಳುಗಡೆ’ ಕೊಟ್ಟೆ.